ಕನ್ನಡ ಕಾದಂಬರಿ ಓದುವಾಗ ಗೊತ್ತಿಲ್ಲದ ಪದ ಬಂದರೆ ನಿಘಂಟು ನೋಡಬೇಕಾ, ಸಂದರ್ಭದಿಂದ ಊಹಿಸಿದರೆ ಸಾಕಾ?

ಪುಟಕ್ಕೆ ಹತ್ತು ಪದ ಗೊತ್ತಾಗಲ್ಲ, ನಿಘಂಟು ನೋಡಿ ನೋಡಿ ಸಾಕಾಗಿ ಪುಸ್ತಕವನ್ನೇ ಮುಚ್ಚಿಟ್ಟೆ ಅಂತ ಬರೆದಿದ್ದೀರಿ. ನಾನೂ ಹೀಗೇ ಇದ್ದೆ. ಆದರೆ ನನ್ನ ಕೈ ಸುಟ್ಟಿದ್ದು ಗೊತ್ತಿಲ್ಲದ ಪದದಿಂದ ಅಲ್ಲ, ಚೆನ್ನಾಗಿ ಗೊತ್ತಿದ್ದ ಒಂದು ಪದದಿಂದ. ಅದನ್ನೇ ಹೇಳುತ್ತೇನೆ.

ನಾನು ಮಂಡ್ಯ ಕಡೆಯವಳು. ನಾಲೆ ನೀರಿನ ಊರು. ಭತ್ತ, ಕಬ್ಬು ಬಿಟ್ಟರೆ ಬೇರೆ ಬೇಸಾಯ ನೋಡಿದವಳಲ್ಲ. ಕೆಲಸದ ಜೊತೆಗೆ ಅಷ್ಟಿಷ್ಟು ಅನುವಾದ ಮಾಡುತ್ತಿದ್ದೆ. ಒಬ್ಬ ಸಂಪಾದಕರು ಉತ್ತರ ಕರ್ನಾಟಕದ 6 ಕತೆಗಳನ್ನು ಇಂಗ್ಲಿಷಿಗೆ ಮಾಡಿಕೊಡಿ ಅಂದರು. ಮೊದಲನೇ ಕತೆಯಲ್ಲಿ ನಾಲ್ಕು ದಿನ ಹಿಡಿದಿದ್ದ ಮಳೆ ಬಿಟ್ಟಿರುತ್ತದೆ. ಅಪ್ಪ ಸತ್ತು ವಾರವೂ ಆಗಿಲ್ಲ. ಮಗ ನಸುಕಿನಲ್ಲೇ ಎದ್ದು, ಎತ್ತು ಬಿಚ್ಚಿಕೊಂಡು ಎಡೆ ಹೊಡೆಯಲು ಹೋಗುತ್ತಾನೆ. ಬಿಸಿಲೇರಿದ ಮೇಲೆ ತಾಯಿ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾಳೆ. ಇಬ್ಬರೂ ಮಾತಾಡುವುದಿಲ್ಲ.

ಎಡೆ ಅಂದರೆ ನಮ್ಮ ಕಡೆ ಸತ್ತವರಿಗೆ ಇಡುವುದು. ಪಿತೃಪಕ್ಷದಲ್ಲಿ ಬಾಳೆಲೆ ಹಾಕಿ, ತೀರಿಕೊಂಡವರಿಗೆ ಏನೇನು ಇಷ್ಟವೋ ಎಲ್ಲ ಬಡಿಸಿ ಕೈ ಮುಗಿಯುತ್ತೇವೆ. ನಮ್ಮ ತಾತನ ಎಡೆಗೆ ಅಜ್ಜಿ ಒಂದು ಕಟ್ಟು ಬೀಡಿಯನ್ನೂ ಇಡುತ್ತಿದ್ದಳು. ಇಷ್ಟು ಹತ್ತಿರದ ಪದಕ್ಕೆ ಯಾರಾದರೂ ನಿಘಂಟು ತೆಗೆಯುತ್ತಾರಾ? ನಾನು ತೆಗೆಯಲಿಲ್ಲ. ಮಗ ಹೊಲದಲ್ಲಿರುವ ಅಪ್ಪನ ಸಮಾಧಿಗೆ ಎಡೆ ಇಡಲು ಹೋದ ಅಂತ ಅನುವಾದಿಸಿದೆ.

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ಸಂದರ್ಭ ಇಲ್ಲಿ ನನಗೆ ಅಡ್ಡ ಬರಲೇ ಇಲ್ಲ, ಬದಲಿಗೆ ನನ್ನ ಬೆನ್ನಿಗೇ ನಿಂತಿತು. ಮನೆಯಲ್ಲಿ ಸಾವಾಗಿದೆ, ಎಡೆ ಸರಿಹೋಯಿತು. ತಾಯಿ ಬುತ್ತಿ ತರುತ್ತಾಳೆ, ಎಡೆಗೆ ಅಡುಗೆ ಬೇಕಲ್ಲ, ಸರಿಹೋಯಿತು. ಇಬ್ಬರೂ ಮಾತಾಡುವುದಿಲ್ಲ, ದುಃಖ, ಅದೂ ಸರಿಹೋಯಿತು. ಸರಿಹೋಗದ ಎರಡು ವಿಷಯ ಕಣ್ಣೆದುರೇ ಇದ್ದವು. ಎಡೆಯನ್ನು ನಾವು ಇಡುತ್ತೇವೆ, ಹೊಡೆಯುವುದಿಲ್ಲ. ಆ ಕಡೆಯವರು ಹಾಗೆ ಅನ್ನುತ್ತಾರೇನೋ ಅಂದುಕೊಂಡು ಮುಂದೆ ಹೋದೆ. ಇನ್ನು ಎತ್ತು. ಎಡೆ ಇಡಲು ಎತ್ತು ಯಾಕೆ ಬೇಕು? ಗಾಡಿ ಕಟ್ಟಿರಬೇಕು ಅಂತ ನಾನೇ ಒಂದು ಗಾಡಿ ಸೇರಿಸಿಬಿಟ್ಟೆ. ಕತೆಯಲ್ಲಿ ಗಾಡಿಯೇ ಇರಲಿಲ್ಲ!

ಸಂಪಾದಕರು ಅನುವಾದವನ್ನು ವಿಜಯಪುರದ ಕಡೆಯ ಒಬ್ಬರಿಗೆ ಓದಲು ಕೊಟ್ಟಿದ್ದರು. ಅವರೇ ಫೋನ್ ಮಾಡಿದರು. "ಅಕ್ಕಾರ, ಎಡಿ ಹೊಡಿಯೂದಂದ್ರ ಹೊಲದಾಗ ಕಸ ತೆಗಿಯೂದ್ರೀ" ಅಂದರು. ಕಸ ಅಂದರೂ ಅಲ್ಲಿ ಕಳೆ. ಬಿತ್ತಿದ ಸಾಲುಗಳ ನಡುವೆ ಎತ್ತು ಹೂಡಿ ಎಡೆಕುಂಟೆ ಹೊಡೆಯುವ ಕೆಲಸ ಅದು. ಎಡೆ ಅಂದರೆ ನಡುವಿನ ಜಾಗ. ಎಡೆಬಿಡದೆ ಮಳೆ ಬಂತು ಅಂತ ನಾವು ದಿನಾ ಹೇಳುತ್ತೇವಲ್ಲ, ಅದೇ ಎಡೆ. ನನ್ನ ಬಾಯಲ್ಲೇ ಇದ್ದ ಅರ್ಥ ನನಗೆ ಹೊಳೆಯಲಿಲ್ಲ.

ಕತೆಯ ಜೀವವೇ ಅಲ್ಲಿತ್ತು. ಮಳೆ ಬಿಟ್ಟು ಮಣ್ಣು ಹದಕ್ಕೆ ಬಂದಿದೆ. ಈ ಹದ ತಪ್ಪಿದರೆ ಕಳೆ ಬೆಳೆಯನ್ನು ಮುಚ್ಚಿಬಿಡುತ್ತದೆ. ಅಪ್ಪನಿಗಾಗಿ ಅಳುವುದಕ್ಕೂ ಬಿಡುವಿಲ್ಲದೆ ಮಗ ಅಪ್ಪನ ಎತ್ತುಗಳನ್ನೇ ಹೂಡುತ್ತಾನೆ. ನಾನು ಅದನ್ನು ಪೂಜೆ ಮಾಡಿಬಿಟ್ಟಿದ್ದೆ. ಉಳಿದ 5 ಕತೆಗಳು ಬೇರೆಯವರ ಕೈಗೆ ಹೋದವು. ಸಂಪಾದಕರನ್ನು ದೂರಲಾರೆ. ಆಮೇಲೆ ಒಂದು ವರ್ಷ ನಾನು ಅನುವಾದವನ್ನು ಮುಟ್ಟಲಿಲ್ಲ.

ಅದಕ್ಕೇ ನಿಮ್ಮ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಆ ಹತ್ತು ಪದಗಳು ಅಪಾಯದವಲ್ಲ. ಮಲೆನಾಡಿನ ಕಾದಂಬರಿಯಲ್ಲಿ ಹೆಂಗಸರು ಜಡಿಮಳೆಯಲ್ಲಿ ಗೊರಬು ಹಾಕಿಕೊಂಡು ನಾಟಿಗೆ ಹೊರಟರು ಅಂತಿದ್ದರೆ ಅದು ಮಳೆಗೆ ಹೊದೆಯುವಂಥದ್ದು ಅಂತ ಗೊತ್ತಾಗುತ್ತದೆ ಅಲ್ವಾ? ಅಷ್ಟು ಸಾಕು. ಸಂಕ ದಾಟಿ ತೋಟಕ್ಕೆ ಹೋದ ಅಂದರೆ ಹಳ್ಳಕ್ಕೆ ಹಾಕಿದ ಕಾಲುಸೇತುವೆ. ಸುಮ್ನೆ ಓದುತ್ತಾ ಹೋಗಿ. ಮೂರನೇ ಸಲ ಬಂದಾಗಲೂ ಮಸುಕಾಗಿಯೇ ಇದ್ದರೆ ಆಗ ನೋಡಿ.

ನಿಲ್ಲಬೇಕಾದದ್ದು ಗೊತ್ತಿರುವ ಪದ ಸ್ವಲ್ಪ ಓರೆಯಾಗಿ ಕೂತಾಗ. ಮಗುವನ್ನು ಹಾಳೆಯ ಮೇಲೆ ಕೂರಿಸಿ ಅಂಗಳದ ತುಂಬ ಎಳೆದರು ಅಂದರೆ ಕಾಗದ ಹರಿಯುವುದಿಲ್ಲವಾ ಅಂತ ಕೇಳಿಕೊಳ್ಳಿ. ಅಲ್ಲಿ ಹಾಳೆ ಅಂದರೆ ಅಡಿಕೆ ಹಾಳೆ. ಜೋಳದ ರಾಶಿ ಮುಗಿಯಿತು ಅಂತ ಓದಿದರೆ ಗುಡ್ಡೆ ಖಾಲಿಯಾಯಿತು ಅಂತಲ್ಲ, ಒಕ್ಕಣೆ ಮುಗಿಯಿತು ಅಂತ. ಅದೇ ರಾಶಿ ಶಿರಸಿ ಕಡೆ ಹೋದರೆ ಜಾಸ್ತಿ ಅನ್ನುವ ಅರ್ಥ. ನಾಮಪದಕ್ಕಿಂತ ಅದರ ಪಕ್ಕದ ಕ್ರಿಯಾಪದ ನೋಡಿ. ನನ್ನ ಎಡೆಯನ್ನು ಹಿಡಿದುಕೊಡಬೇಕಾಗಿದ್ದದ್ದು 'ಹೊಡೆ'. ಮತ್ತೆ, ನಿಮ್ಮ ಅರ್ಥ ನಿಲ್ಲಬೇಕಾದರೆ ಕತೆಯಲ್ಲಿಲ್ಲದ ಗಾಡಿಯೊಂದನ್ನು ನೀವೇ ತರಬೇಕಾಗಿ ಬಂದರೆ ಅಲ್ಲೇ ನಿಲ್ಲಿಸಿ.

ನಿಘಂಟಿನಲ್ಲಿ ಪದವೇ ಸಿಗಲ್ಲ ಅಂತಲೂ ಬರೆದಿದ್ದೀರಿ. ಬಹುಶಃ ನೀವು ಪುಟದಲ್ಲಿರುವ ರೂಪವನ್ನೇ ಹುಡುಕುತ್ತಿದ್ದೀರಿ. ಮಿಂದು ಸಿಗದಿದ್ದರೆ ಮೀ ನೋಡಿ. ಹೊಕ್ಕು ಬೇಕಾದರೆ ಹೊಗು, ತೆತ್ತು ಬೇಕಾದರೆ ತೆರು. ವಿ. ಕೃಷ್ಣ ಅವರ ಅಲರ್ ನಿಘಂಟು ಅಂತರ್ಜಾಲದಲ್ಲಿ ಉಚಿತವಾಗಿದೆ, ನಾನು ಮೊದಲು ಅಲ್ಲೇ ನೋಡುತ್ತೇನೆ. 1894ರ ಕಿಟೆಲ್ ನಿಘಂಟು ಹಳೆಯದಾದರೂ ಬಿಡಬೇಡಿ. ಒಂದೇ ಪದದ ಬೇರೆ ಬೇರೆ ಅರ್ಥಗಳನ್ನು ಕೊನೆಯವರೆಗೂ ಓದಿ, ಮೊದಲನೆಯದಕ್ಕೇ ನಿಲ್ಲಬೇಡಿ. ಹೊಲ, ಅಡುಗೆಮನೆ, ಮೀನುಗಾರಿಕೆಯ ಪದವಾದರೆ ಆ ಕೆಲಸ ಮಾಡುವವರನ್ನು ಕೇಳುವುದೇ ಒಳ್ಳೆಯದು.

ಫೋನ್ ಮಾಡಿದ್ದ ಆ ಹಿರಿಯರ ಊರಿಗೆ ನಾನು ಮರುವರ್ಷ ಆಗಸ್ಟ್‌ನಲ್ಲಿ ಹೋಗಿದ್ದೆ. ಮೊಣಕಾಲೆತ್ತರದ ತೊಗರಿ. ಬೆಳೆಗೆ ಬಾಯಿ ಹಾಕಬಾರದು ಅಂತ ಎತ್ತುಗಳ ಮೂತಿಗೆ ಬಲೆ ಕಟ್ಟಿದ್ದರು. ಎರಡು ಸಾಲಿನ ನಡುವೆ ಕುಂಟೆಯ ಅಲಗು ಕಪ್ಪು ಮಣ್ಣಿನೊಳಗೇ ಸರಿಯುತ್ತಾ, ಕಳೆಯ ಬೇರು ಕತ್ತರಿಸುವ ಸಣ್ಣ ಸದ್ದು ಬರುತ್ತಿತ್ತು. ಹನ್ನೊಂದು ಗಂಟೆಗೆ ಅವರ ಸೊಸೆ ಬುತ್ತಿ ತಂದಳು. ರೊಟ್ಟಿ, ಶೇಂಗಾ ಚಟ್ನಿ. ಬದುವಿನ ಮೇಲೆ ಕೂತು ನಾನೂ ಉಂಡೆ.