ಬಾಗಿಲಿಗೆದುರಾಗಿ ಬಾಲ್ಕನಿ: ಅಡ್ಡ ಕಟ್ಟಬೇಕೆ, ಬೇಡವೆ?

ಪ್ರಶ್ನೆ: ಡೊಂಬಿವಲಿಯಲ್ಲಿ ನಾಲ್ಕನೆಯ ಮಹಡಿಯ ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ನಾವು ಐವರು ಇದ್ದೇವೆ. ಮುಂಬಾಗಿಲು ತೆರೆದರೆ ಹಾಲಿನ ಆಚೆ ತುದಿಯಲ್ಲಿರುವ ಪಶ್ಚಿಮದ ಬಾಲ್ಕನಿ ನೇರವಾಗಿ ಕಾಣುತ್ತದೆ. ಇದರಿಂದ ಮನೆಗೆ ಬಂದ ಶಕ್ತಿ ನಿಲ್ಲದೆ ಹೊರಟುಹೋಗುತ್ತದೆ, ನಡುವೆ ಕಪಾಟು ಅಡ್ಡವಿಟ್ಟು ಬಾಗಿಲಿನ ಎದುರು ಕನ್ನಡಿ ತೂಗುಹಾಕಿ ಎಂದು ಫೆಂಗ್ ಶುಯಿ ಬಲ್ಲ ಪರಿಚಿತರೊಬ್ಬರು ಹೇಳಿದ್ದಾರೆ. ನಮ್ಮ ಅತ್ತೆಯವರು ವಾಸ್ತುವನ್ನು ನಂಬುವವರು. ಚೀನಾದವರ ಶಾಸ್ತ್ರ ನಮಗೇಕೆ ಎನ್ನುತ್ತಾರೆ. ಮಗ ಹತ್ತನೆಯ ತರಗತಿಯಲ್ಲಿದ್ದಾನೆ, ಕುಳಿತಲ್ಲಿ ಅವನ ಮನಸ್ಸು ನಿಲ್ಲುತ್ತಿಲ್ಲ. ಏನು ಮಾಡಬೇಕು?
— ಓದುಗರೊಬ್ಬರು, ಡೊಂಬಿವಲಿ

ಉತ್ತರ: ಕಪಾಟನ್ನು ಸದ್ಯಕ್ಕೆ ಇದ್ದಲ್ಲೇ ಇರಗೊಡಿ. ನಿಮ್ಮ ಪರಿಚಿತರು ಹೇಳಿದ ನಿಯಮ ಫೆಂಗ್ ಶುಯಿಯಲ್ಲಿ ಇರುವುದು ನಿಜ. ಆದರೆ ಅದು ಯಾವ ಊರಿನ ಗಾಳಿಯನ್ನು ನೋಡಿ ಹುಟ್ಟಿತು ಎಂಬುದನ್ನು ತಿಳಿಯದೆ ಅನುಸರಿಸಿದರೆ ಡೊಂಬಿವಲಿಯಲ್ಲಿ ಅದು ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡುತ್ತದೆ.

ಚೀನೀ ಭಾಷೆಯಲ್ಲಿ ಫೆಂಗ್ ಎಂದರೆ ಗಾಳಿ, ಶುಯಿ ಎಂದರೆ ನೀರು. ‘ಚಿ’ ಎಂದು ಅವರು ಕರೆಯುವ ಚೈತನ್ಯವು ಗಾಳಿಗೆ ಸಿಕ್ಕರೆ ಚದುರುತ್ತದೆ, ನೀರಿನ ಅಂಚಿಗೆ ಬಂದರೆ ನಿಲ್ಲುತ್ತದೆ ಎಂಬ ಮೂಲಸೂತ್ರವು ಗುವೋ ಪು ಎಂಬ ವಿದ್ವಾಂಸನ ಹೆಸರಿನಲ್ಲಿರುವ ಹಳೆಯ ಗ್ರಂಥದಲ್ಲಿ ಬರುತ್ತದೆ. (ಆ ಗ್ರಂಥದ ವಿಷಯ ಮನೆಯಲ್ಲ, ಸಮಾಧಿಗೆ ಜಾಗ ಆರಿಸುವುದು, ಈ ಮಾತನ್ನು ನಿಮ್ಮ ಅತ್ತೆಯವರ ಮುಂದೆ ಎತ್ತದಿರುವುದೇ ಒಳ್ಳೆಯದು.) ಉತ್ತರ ಚೀನಾದಲ್ಲಿ ಚಳಿಗಾಲದ ಗಾಳಿ ಮಂಗೋಲಿಯಾ ಮತ್ತು ಸೈಬೀರಿಯಾದ ಕಡೆಯಿಂದ ಬೀಸುತ್ತದೆ. ಅದಕ್ಕಾಗಿಯೇ ಅಲ್ಲಿಯವರು ಬೆನ್ನಿಗೆ ಬೆಟ್ಟವಿರುವ, ದಕ್ಷಿಣದ ಬಿಸಿಲಿಗೆ ಮುಖಮಾಡಿದ ಜಾಗವನ್ನು ಶ್ರೇಷ್ಠವೆಂದರು. ಬೀಜಿಂಗಿನ ಹಳೆಯ ಅಂಗಳದ ಮನೆಗಳಲ್ಲಿ ಮುಖ್ಯ ಕಟ್ಟಡ ಉತ್ತರದ ಬದಿಯಲ್ಲಿದ್ದು ದಕ್ಷಿಣಕ್ಕೆ ತೆರೆದುಕೊಳ್ಳುತ್ತದೆ. ನಮ್ಮಲ್ಲಿ ಅನೇಕರು ದಕ್ಷಿಣದ ಬಾಗಿಲೆಂದರೆ ಹೆದರುವುದನ್ನು ನೆನೆದರೆ, ದಿಕ್ಕಿನ ಶುಭಾಶುಭ ನೆಲವನ್ನು ಹಿಡಿದು ಬದಲಾಗುತ್ತದೆ ಎಂಬುದು ತಿಳಿಯುತ್ತದೆ. ಅಂಥ ಕೊರೆಯುವ ಚಳಿಯ ನಾಡಿನಲ್ಲಿ ಮುಂಬಾಗಿಲಿನಿಂದ ಹಿಂಬಾಗಿಲಿಗೆ ನೇರವಾಗಿ ನುಗ್ಗುವ ಗಾಳಿ ಮನೆಯವರಿಗೆ ನಿಜಕ್ಕೂ ಶತ್ರು.

ಮುಂಬಯಿ ಸೀಮೆಯಲ್ಲಿ ನಮ್ಮನ್ನು ಕಾಡುವುದು ಸೆಕೆ ಮತ್ತು ತೇವ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗಳು ಬೆವರುತ್ತವೆ, ಕಪಾಟಿನ ಹಿಂದೆ ಬೂಷ್ಟು ಹಿಡಿಯುತ್ತದೆ, ಮಡಿಸಿಟ್ಟ ಬಟ್ಟೆಗೆ ಮುಗ್ಗಲು ವಾಸನೆ ಬರುತ್ತದೆ. ಇಲ್ಲಿ ಸಮುದ್ರದ ಕಡೆಯಿಂದ ಬಾಲ್ಕನಿಯೊಳಗೆ ಬಂದು ಬಾಗಿಲಿನ ಮೂಲಕ ಹೊರಹೋಗುವ ಗಾಳಿಯೇ ಮನೆಯನ್ನು ಒಣಗಿಸುವುದು. ಒಂದು ಬೆಡ್‌ರೂಮಿನ ಫ್ಲ್ಯಾಟಿಗೆ ಅಂಥ ಎದುರುಬದುರು ದಾರಿ ದೊರೆತಿರುವುದು ಭಾಗ್ಯವೆಂದೇ ನಾನು ತಿಳಿಯುತ್ತೇನೆ. ಆಳೆತ್ತರದ ಕಪಾಟನ್ನು ಅಡ್ಡ ನಿಲ್ಲಿಸಿದರೆ ಆ ದಾರಿ ಮುಚ್ಚಿಹೋಗುತ್ತದೆ. ಗಾಳಿಯನ್ನು ತಡೆಯದೆ ಕೇವಲ ನಿಧಾನಗೊಳಿಸುವ ಉಪಾಯಗಳೂ ಫೆಂಗ್ ಶುಯಿಯಲ್ಲೇ ಇವೆ: ಬಾಲ್ಕನಿಯ ಬಾಗಿಲಿಗೆ ತೆಳುವಾದ ಹತ್ತಿಯ ಪರದೆ, ಹಾಲಿನ ನಡುವೆ ಮೊಣಕಾಲೆತ್ತರವನ್ನು ಮೀರದ ಕುಂಡಗಳು, ನಡೆಯುವ ದಾರಿಯನ್ನು ಸ್ವಲ್ಪ ಓರೆಗೊಳಿಸುವಂತೆ ಹಾಸಿದ ಜಮಖಾನೆ. ಒಳಗೆ ಕಾಲಿಟ್ಟವರ ಕಣ್ಣು ನೇರವಾಗಿ ಹೊರಗೆ ಓಡದೆ ಮನೆಯೊಳಗೇ ಒಂದು ಕ್ಷಣ ತಂಗುತ್ತದೆ, ಗಾಳಿಯೂ ಆಡುತ್ತಿರುತ್ತದೆ. ಮಧ್ಯಾಹ್ನದ ಪಶ್ಚಿಮದ ಬಿಸಿಲಿಗೆ ಬಿದಿರಿನ ಪರದೆಯನ್ನು ಗಾಜಿನ ಹೊರಬದಿಗೆ ಇಳಿಬಿಡಿ. ಒಳಬದಿಗೆ ಹಾಕಿದರೆ ಶಾಖವು ಅಷ್ಟರಲ್ಲಿ ಗಾಜನ್ನು ದಾಟಿ ಒಳಗೆ ಬಂದಿರುತ್ತದೆ.

ಬಾಗಿಲಿನ ಎದುರಿನ ಕನ್ನಡಿಯ ಸಲಹೆ ನನಗೆ ಅರ್ಥವಾಗಲಿಲ್ಲ, ಏಕೆಂದರೆ ಬರುವ ಚಿಯನ್ನು ಅದು ಹಿಂದಕ್ಕೆ ತಳ್ಳುತ್ತದೆ ಎಂದು ಫೆಂಗ್ ಶುಯಿಯ ಅಭ್ಯಾಸಿಗಳೇ ಸಾಮಾನ್ಯವಾಗಿ ಅದನ್ನು ಬೇಡವೆನ್ನುತ್ತಾರೆ. ಕನ್ನಡಿ ಬೇಕೇ ಬೇಕೆಂದರೆ ಬಾಲ್ಕನಿಯ ಬೆಳಕು ಬೀಳುವ ಪಕ್ಕದ ಗೋಡೆಗೆ ಹಾಕಿ.

ನಾನಾದರೆ ಕೆಲಸವನ್ನು ಹೊಸ್ತಿಲಿನಿಂದ ಆರಂಭಿಸುತ್ತೇನೆ. ಬಾಗಿಲಿನ ಮುಂದಿನ ತೆರವನ್ನು ಚೀನೀಯರು ‘ಮಿಂಗ್ ತಾಂಗ್’, ಅಂದರೆ ಬೆಳಕಿನ ಹಜಾರ ಎನ್ನುತ್ತಾರೆ. ಊರಿನಲ್ಲಿ ನಾವು ಸಾರಿಸಿ ರಂಗೋಲಿ ಹಾಕುತ್ತಿದ್ದ ಅಂಗಳಕ್ಕೂ ಅದಕ್ಕೂ ಬಹಳ ದೂರವಿಲ್ಲ. ಫ್ಲ್ಯಾಟಿನಲ್ಲಿ ಆ ಜಾಗವನ್ನು ಚಪ್ಪಲಿ ಸ್ಟ್ಯಾಂಡು, ಒದ್ದೆ ಕೊಡೆ, ರದ್ದಿಯ ಕಟ್ಟುಗಳು ಆಕ್ರಮಿಸಿರುತ್ತವೆ. ಬಾಗಿಲು ಪೂರ್ತಿಯಾಗಿ, ಸದ್ದಿಲ್ಲದೆ ತೆರೆಯುವಂತೆ ಮಾಡಿ, ಅಲ್ಲೊಂದು ಒಳ್ಳೆಯ ದೀಪ ಹಾಕಿ. ಲೋಕಲ್ ರೈಲಿನಲ್ಲಿ ನುಜ್ಜುಗುಜ್ಜಾಗಿ ಬಂದವರಿಗೆ ಮನೆಯ ಮೊದಲ ಎರಡು ಹೆಜ್ಜೆ ಹೇಗಿದೆ ಎಂಬುದರ ಮೇಲೆ ಆ ಸಂಜೆಯ ಮಾತುಕತೆಯ ದನಿ ಬಹುಮಟ್ಟಿಗೆ ನಿರ್ಧಾರವಾಗುತ್ತದೆ ಎಂಬುದು ಅನೇಕ ಮನೆಗಳನ್ನು ನೋಡಿದ ನನ್ನ ಅನುಭವ.

ಮಗನ ಮೇಜನ್ನು ಬೆನ್ನಿಗೆ ಗಟ್ಟಿಗೋಡೆ ಇರುವಂತೆ, ಬಾಗಿಲು ಕಣ್ಣಿಗೆ ಬೀಳುವಂತೆ, ಆದರೆ ಬಾಗಿಲಿನ ನೇರಕ್ಕೆ ಬಾರದಂತೆ ಇಡಬೇಕು. ಬೆನ್ನ ಹಿಂದೆ ಜನ ಓಡಾಡುತ್ತಿದ್ದರೆ ಯಾರ ಗಮನವಾದರೂ ಕದಡುತ್ತದೆ. ಇದಕ್ಕೆ ಚಿಯನ್ನು ನಂಬಬೇಕಾದ ಅಗತ್ಯವೂ ಇಲ್ಲ. ಹಾಗೆಂದು ಮೇಜು ತಿರುಗಿಸಿದರೆ ಅಂಕ ಹೆಚ್ಚುತ್ತದೆ, ಹಣ ಕೂಡುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ ಅದಕ್ಕೆ ಆಧಾರವಿಲ್ಲ, ನಾನಂತೂ ಕೊಡಲಾರೆ. ಮಂಚಕ್ಕೂ ಇದೇ ಕ್ರಮ ಅನ್ವಯಿಸುತ್ತದೆ, ಅತ್ತೆಯವರೊಡನೆ ರಾಜಿಯೂ ಇಲ್ಲಿಯೇ ಸಾಧ್ಯ: ತಲೆ ದಕ್ಷಿಣಕ್ಕಿರಲಿ ಎನ್ನುವುದು ವಾಸ್ತು, ತಲೆಯ ಹಿಂದೆ ಗೋಡೆಯಿರಲಿ, ಕಾಲು ಬಾಗಿಲಿಗೆ ನೇರವಾಗದಿರಲಿ ಎನ್ನುವುದು ಫೆಂಗ್ ಶುಯಿ. ದಕ್ಷಿಣದ ಗೋಡೆಗೆ ಮಂಚವನ್ನು ಒರಗಿಸಲು ಸಾಧ್ಯವಾದರೆ ಸಾಮಾನ್ಯವಾಗಿ ಎರಡೂ ಒಟ್ಟಿಗೆ ಕೂಡಿಬರುತ್ತವೆ. ಎಲ್ಲಿ ಕೂಡಿಬರುವುದಿಲ್ಲವೋ ಅಲ್ಲಿ ಅತ್ತೆಯವರ ಮಾತನ್ನೇ ನಡೆಸಿ; ಐವರಿರುವ ಮನೆಯಲ್ಲಿ ಹಿರಿಯರ ಮುನಿಸಿಗಿಂತ ದೊಡ್ಡ ದೋಷವನ್ನು ಯಾವ ದಿಕ್ಸೂಚಿಯೂ ತೋರಿಸದು.

ಪ್ರಶ್ನೆ: ಅಂಗಡಿಯಲ್ಲಿ ನಗುವ ಬುದ್ಧ ಮತ್ತು ‘ಲಕ್ಕಿ ಬಿದಿರು’ ಕೊಂಡಿದ್ದೇನೆ. ತಾವೇ ಕೊಂಡರೆ ಫಲವಿಲ್ಲ, ಉಡುಗೊರೆಯಾಗಿಯೇ ಬರಬೇಕು ಎನ್ನುತ್ತಾರಲ್ಲ?
— ಓದುಗರೊಬ್ಬರು, ಮಾಟುಂಗಾ

ಉತ್ತರ: ಆ ನಿಯಮದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಆ ಮೂರ್ತಿ ಗೌತಮ ಬುದ್ಧನದ್ದಲ್ಲ, ಹೆಗಲಿಗೆ ಜೋಳಿಗೆ ಹಾಕಿಕೊಂಡು ತಿರುಗುತ್ತಿದ್ದ ಬುದಾಯ್ ಎಂಬ ಚೀನೀ ಭಿಕ್ಷುವಿನದು. ಅವನನ್ನು ಮುಂದೆ ಬರಲಿರುವ ಬುದ್ಧನಾದ ಮೈತ್ರೇಯನ ಅವತಾರವೆಂದು ಅಲ್ಲಿಯ ಜನ ಭಾವಿಸಿದರು. ನೋಡಿದರೆ ನಗು ಬರುವ ಜಾಗದಲ್ಲಿ ಇಡಿ, ನೆಲದ ಮೇಲೆ ಬೇಡ. ಲಕ್ಕಿ ಬಿದಿರು ಬಿದಿರೂ ಅಲ್ಲ, ಚೀನಾದ್ದೂ ಅಲ್ಲ. ಮಧ್ಯ ಆಫ್ರಿಕಾ ಮೂಲದ ಡ್ರಾಸೀನಾ ಜಾತಿಯ ಗಿಡ. ಅದರ ಪಾತ್ರೆಯ ನೀರನ್ನು ಮಾತ್ರ ಮರೆಯಬೇಡಿ. ಡೆಂಗಿ ಹರಡುವ ಸೊಳ್ಳೆ ಇಂಥ ಶುದ್ಧವಾದ ನಿಂತ ನೀರಿನಲ್ಲೇ ಮೊಟ್ಟೆಯಿಡುತ್ತದೆ, ಮೊಟ್ಟೆಯೊಡೆದು ರೆಕ್ಕೆ ಬರಲು ಅದಕ್ಕೆ ವಾರ–ಹತ್ತು ದಿನ ಸಾಕು. ಆದುದರಿಂದ ಮಳೆಗಾಲದಲ್ಲಿ ವಾರಕ್ಕೆ ಎರಡು ಬಾರಿಯಾದರೂ ನೀರನ್ನು ಚೆಲ್ಲಿ, ಪಾತ್ರೆಯ ಒಳಬದಿಯನ್ನು ಉಜ್ಜಿ ತೊಳೆದು, ಹೊಸ ನೀರು ಹಾಕಿ.