ತರಬೇತಿ ಎಲ್ಲಿ, ಆಮೇಲೇನು? ರಂಗ, ನೃತ್ಯ, ಸಂಗೀತ, ಯಕ್ಷಗಾನ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬಿ.ಕಾಂ. ಮುಗಿದಿದೆ, ವಯಸ್ಸು 22. ಊರಿನ ತಂಡದಲ್ಲಿ ನಾಲ್ಕು ನಾಟಕಗಳಲ್ಲಿ ಪಾತ್ರ ಮಾಡಿದ್ದೇನೆ. ನೇರವಾಗಿ ದೆಹಲಿಯ ಎನ್‌ಎಸ್‌ಡಿಗೆ (ರಾಷ್ಟ್ರೀಯ ನಾಟಕ ಶಾಲೆ) ಅರ್ಜಿ ಹಾಕಲೇ, ಹೆಗ್ಗೋಡಿಗೆ ಹೋಗಲೇ? ‘ಆಮೇಲೇನು ಮಾಡ್ತೀಯ’ ಎಂದು ಅಪ್ಪ ಕೇಳಿದರೆ ನನ್ನ ಬಳಿ ಉತ್ತರವಿಲ್ಲ.
ಓದುಗ, ಶಿರಸಿ

ಉತ್ತರ: ಎನ್‌ಎಸ್‌ಡಿಯ ಮೂರು ವರ್ಷದ ಡಿಪ್ಲೊಮಾಕ್ಕೆ ಪದವಿಯ ಜೊತೆ ಕನಿಷ್ಠ ಆರು ನಾಟಕಗಳಲ್ಲಿ ಕೆಲಸ ಮಾಡಿದ ದಾಖಲೆ ಬೇಕು. ನಿಮ್ಮದು ನಾಲ್ಕು. ಅಲ್ಲದೆ ಅಲ್ಲಿ ಪಾಠ ನಡೆಯುವುದು ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಹಿಂದಿಯಲ್ಲಿ ತಡವರಿಸದೆ ಮಾತಾಡುವಷ್ಟಾದರೂ ಬರದಿದ್ದರೆ ಮೊದಲ ವರ್ಷವೆಲ್ಲ ಭಾಷೆಗೇ ಹೋಗುತ್ತದೆ. ಹಾಗಾಗಿ ಮೊದಲು ಕನ್ನಡದಲ್ಲೇ ಒಂದು ವರ್ಷ ಕಲಿತು, ಆಮೇಲೆ ದೆಹಲಿಯ ಯೋಚನೆ ಮಾಡಿ. ವಯಸ್ಸಿನ ಮಿತಿ 30, ಅವಸರವೇನಿಲ್ಲ.

ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದ ನಡೆಯುತ್ತಿದೆ. ಮೈಸೂರಿನ ರಂಗಾಯಣದಲ್ಲೂ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲೂ ಒಂದು ವರ್ಷದ ಕೋರ್ಸುಗಳಿವೆ. ಬೆಂಗಳೂರಿನಲ್ಲಿ ಎನ್‌ಎಸ್‌ಡಿಯದ್ದೇ ಕೇಂದ್ರವಿದೆ. ಇವುಗಳಲ್ಲಿ ಯಾವುದು ದೊಡ್ಡದು ಎಂದು ಅಳೆಯಲು ಹೋಗಬೇಡಿ, ಕೋರ್ಸ್ ಮುಗಿದ ಮರುವರ್ಷ ಎಲ್ಲಿ ಕೆಲಸ ಸಿಗುತ್ತದೆ ಎಂದು ನೋಡಿ. ಹೆಗ್ಗೋಡಿನಲ್ಲಿ 1985ರಿಂದ ‘ತಿರುಗಾಟ’ ಇದೆ, ಸಾಣೇಹಳ್ಳಿಯಲ್ಲಿ ‘ಶಿವಸಂಚಾರ’ ಇದೆ. ಎರಡೂ ಊರೂರು ಸುತ್ತುವ ರೆಪರ್ಟರಿಗಳು, ಅಂದರೆ ಕಲಾವಿದರಿಗೆ ಸಂಬಳ ಕೊಟ್ಟು ನಡೆಸುವ ನಾಟಕ ತಂಡಗಳು. ಒಂದೇ ಪಾತ್ರವನ್ನು ಬೇರೆ ಬೇರೆ ಊರಿನ ಪ್ರೇಕ್ಷಕರ ಮುಂದೆ ಹತ್ತಾರು ಸಲ ಮಾಡುವುದು, ಸೆಟ್ ಇಳಿಸಿ ಕಟ್ಟಿ ಬಿಚ್ಚಿ ಮತ್ತೆ ಗಾಡಿಗೆ ಏರಿಸುವುದು, ಈ ಕಲಿಕೆ ಯಾವ ತರಗತಿಯಲ್ಲೂ ಸಿಗದು.

ಆಯ್ಕೆಗೆ ಹೋಗುವಾಗ ಎರಡು ಸ್ವಗತ, ಒಂದು ಹಾಡು ತಯಾರಿರಲಿ. ಸ್ವಗತ ಮೂರು ನಿಮಿಷ ದಾಟದಿರಲಿ. ಹತ್ತರಲ್ಲಿ ಎಂಟು ಜನ ಅಳುವ ದೃಶ್ಯವನ್ನೇ ಆರಿಸಿಕೊಂಡು ಬರುತ್ತಾರೆ. ಮೊದಲ ಸಾಲಿಗೇ ಗಂಟಲು ಕಟ್ಟಿಸಿಕೊಂಡರೆ ಮುಂದೆ ಏರಲು ಜಾಗವೇ ಇರುವುದಿಲ್ಲ. ಪಾತ್ರಕ್ಕೆ ಎದುರಿನವರಿಂದ ಏನೋ ಬೇಕಾಗಿರುವ ಭಾಗವನ್ನು ಆರಿಸಿ: ಸಾಲ ಕೇಳುವುದು, ಸುಳ್ಳು ಒಪ್ಪಿಸುವುದು, ಹೋಗಬೇಡ ಎಂದು ತಡೆಯುವುದು. ಆಯ್ಕೆಗಾರರು ನಡುವೆ ನಿಲ್ಲಿಸಿ ‘ಇದನ್ನೇ ಬಟ್ಟೆ ಒಗೆಯುತ್ತ ಹೇಳಿ’ ಎನ್ನಬಹುದು. ಕನ್ನಡಿ ಮುಂದೆ ಕೈಸನ್ನೆ ಸಮೇತ ಬಾಯಿಪಾಠ ಮಾಡಿದವರು ಸಿಕ್ಕಿಬೀಳುವುದು ಅಲ್ಲೇ. ನೆಲದಲ್ಲಿ ಕೂರಲು, ಉರುಳಲು ಆಗುವ ಬಟ್ಟೆ ತೊಟ್ಟು ಹೋಗಿ, ಬಿಗಿ ಜೀನ್ಸ್ ಬೇಡ.

ಇನ್ನು ಅಪ್ಪನ ಪ್ರಶ್ನೆ. ರೆಪರ್ಟರಿಯಲ್ಲಿ ಒಂದೆರಡು ವರ್ಷ ಸಂಬಳ, ಊಟ, ವಸತಿ. ಆಮೇಲೆ ಏಪ್ರಿಲ್-ಮೇ ತಿಂಗಳಲ್ಲಿ ಮಕ್ಕಳ ಬೇಸಿಗೆ ಶಿಬಿರ, ಶಾಲೆಗಳಲ್ಲಿ ನಾಟಕದ ಮೇಷ್ಟ್ರ ಕೆಲಸ, ಡಬ್ಬಿಂಗ್, ಧಾರಾವಾಹಿ. ಬರೀ ನಟನೆಯನ್ನೇ ನಂಬಿ ಕೂರುವವರಿಗಿಂತ ಬೆಳಕಿನ ವಿನ್ಯಾಸ, ಪ್ರಸಾಧನ, ಪರಿಕರ ಇವುಗಳಲ್ಲಿ ಒಂದನ್ನು ಕೈಗೆ ಹತ್ತಿಸಿಕೊಂಡವರು ಬೇಗ ನಿಲ್ಲುತ್ತಾರೆ. ಬೆಳಕು ಏರಿಸಿ ಇಳಿಸುವ ಡಿಮ್ಮರ್ ಬೋರ್ಡಿನ ವೈರಿಂಗ್ ಗೊತ್ತಿರುವ ನಟನನ್ನು ಯಾವ ತಂಡವೂ ಸುಲಭಕ್ಕೆ ಬಿಟ್ಟುಕೊಡದು.

ಪ್ರಶ್ನೆ: ಮಗಳಿಗೆ 17. ಭರತನಾಟ್ಯದಲ್ಲಿ ಸೀನಿಯರ್ ಪಾಸಾಗಿದ್ದಾಳೆ, ಎಂಟು ವರ್ಷದಿಂದ ಒಬ್ಬರೇ ಗುರುಗಳು. ಸರ್ಕಾರದ ವಿದ್ಯಾರ್ಥಿವೇತನ ಸಿಗುತ್ತದೆಯೇ? ಅದರ ಮುಂದಿನ ಪರೀಕ್ಷೆ ವಿದ್ವತ್ ಮಾಡಿದರೆ ಕಾಲೇಜಿನಲ್ಲಿ ಕೆಲಸ ಸಿಗುತ್ತದೆ ಅನ್ನುತ್ತಾರೆ, ನಿಜವೇ?
ತಾಯಿ, ದಾವಣಗೆರೆ

ಉತ್ತರ: ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನ 18ರಿಂದ 25 ವರ್ಷದವರಿಗೆ. ತಿಂಗಳಿಗೆ 5,000 ರೂಪಾಯಿ, ಎರಡು ವರ್ಷ. ದೇಶಕ್ಕೆಲ್ಲ ಸೇರಿ ವರ್ಷಕ್ಕೆ 400 ಮಂದಿಗೆ. ಹಣ ತಿಂಗಳು ತಿಂಗಳು ಬರುವುದಿಲ್ಲ, ಆರು ತಿಂಗಳಿಗೊಂದು ಕಂತು. ಗುರುಗಳ ಬಳಿ ಕನಿಷ್ಠ ಐದು ವರ್ಷ ಕಲಿತಿರಬೇಕು, ಅದು ನಿಮಗೆ ತೊಂದರೆಯಿಲ್ಲ. ಮಗಳಿಗೆ 18 ತುಂಬಲಿ. ಮನೆಯಲ್ಲಿ 10ರಿಂದ 14ರ ನಡುವಿನ ತಂಗಿಯೋ ತಮ್ಮನೋ ಕಲಿಯುತ್ತಿದ್ದರೆ ಸಿಸಿಆರ್‌ಟಿಯ (ಕೇಂದ್ರದ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ) ಪ್ರತಿಭಾನ್ವೇಷಣೆ ವಿದ್ಯಾರ್ಥಿವೇತನಕ್ಕೆ ಈಗಲೇ ಅರ್ಜಿ ಹಾಕಿಸಿ. ಆ ವಯಸ್ಸು ದಾಟಿದರೆ ಮತ್ತೆ 18ರವರೆಗೆ ಕಾಯಬೇಕು.

ಈ ಒಂದು ವರ್ಷದಲ್ಲಿ ಕಾಗದಪತ್ರ ಸರಿಮಾಡಿಕೊಳ್ಳಿ. ಆಧಾರ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ನೃತ್ಯ ಪರೀಕ್ಷೆಯ ಪ್ರಮಾಣಪತ್ರ ಮೂರರಲ್ಲೂ ಹೆಸರು, ಇನಿಷಿಯಲ್ ಒಂದೇ ಇರಬೇಕು. ಗುರುಗಳ ಪತ್ರದಲ್ಲಿ ‘ಹಲವು ವರ್ಷಗಳಿಂದ’ ಎಂದಿರಬಾರದು, ಯಾವ ತಿಂಗಳು, ಯಾವ ಇಸವಿಯಿಂದ ಎಂದಿರಬೇಕು. ಸಂದರ್ಶನದಲ್ಲಿ ತಜ್ಞರು ಇಡೀ ವರ್ಣ (ಕಾರ್ಯಕ್ರಮದ ದೊಡ್ಡ ನೃತ್ಯಬಂಧ) ನೋಡುತ್ತ ಕೂರುವುದಿಲ್ಲ. ನಡುವೆ ನಿಲ್ಲಿಸಿ, ಆ ಜತಿಯನ್ನು (ಹೆಜ್ಜೆಯ ಸೊಲ್ಲುಗಳ ಜೋಡಣೆ) ತಾಳ ಹಾಕಿಕೊಂಡು ಬಾಯಲ್ಲಿ ಹೇಳು ಎನ್ನುತ್ತಾರೆ. ಕಾಲಿನಲ್ಲಿ ಸಲೀಸಾಗಿ ಬರುವುದು ಬಾಯಲ್ಲಿ ಬಾರದ ಮಕ್ಕಳು ಬಹಳ. ದಿನಕ್ಕೆ ಹದಿನೈದು ನಿಮಿಷ ಕೂತು, ಗೆಜ್ಜೆ ಇಲ್ಲದೆ, ಕೈತಾಳದಲ್ಲಿ ಜತಿ ಹೇಳುವ ಅಭ್ಯಾಸ ಮಾಡಿಸಿ.

ವಿದ್ವತ್ ಒಳ್ಳೆಯದೇ. ಆದರೆ ಕಾಲೇಜಿನ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅದೊಂದೇ ಸಾಲದು, ಸ್ನಾತಕೋತ್ತರ ಪದವಿ ಬೇಕು, ಜೊತೆಗೆ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ನೆಟ್ ಅಥವಾ ರಾಜ್ಯದ ಕೆ-ಸೆಟ್. ನೆಟ್‌ನಲ್ಲಿ ಮೊದಲ ಪತ್ರಿಕೆ 50, ಎರಡನೆಯದು 100 ಪ್ರಶ್ನೆ, ಒಟ್ಟು 300 ಅಂಕ, ಮೂರು ಗಂಟೆ. ತಪ್ಪಿಗೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದನ್ನೂ ಖಾಲಿ ಬಿಡಬಾರದು. ಮೈಸೂರಿನ ಗಂಗೂಬಾಯಿ ಹಾನಗಲ್ ವಿಶ್ವವಿದ್ಯಾಲಯದಲ್ಲಿ ಪ್ರದರ್ಶಕ ಕಲೆಗಳ ಪದವಿ, ಸ್ನಾತಕೋತ್ತರ ಎರಡೂ ಇವೆ. ಪಿಯುಸಿ ಮುಗಿಯುತ್ತಲೇ ವಿಚಾರಿಸಿ, ವಿದ್ವತ್ತಿನ ಅಭ್ಯಾಸ ಜೊತೆಗೇ ನಡೆಯಲಿ.

ಪ್ರಶ್ನೆ: ನಾನು ಯಕ್ಷಗಾನದ ಬಡಗುತಿಟ್ಟಿನ ಹೆಜ್ಜೆ ಮೂರು ವರ್ಷ ಕಲಿತಿದ್ದೇನೆ, ವಯಸ್ಸು 19. ಶಾಲೆಯ ವಾರ್ಷಿಕೋತ್ಸವ, ಸಂಘದ ಆಟಗಳಲ್ಲಿ ಅಭಿಮನ್ಯು ಮಾಡಿದ್ದೇನೆ, ಜನ ಮೆಚ್ಚಿದ್ದಾರೆ. ಮೇಳಕ್ಕೆ ಸೇರುವುದು ಹೇಗೆ? ಅಭಿಮನ್ಯುವಿನಂಥ ಪುಂಡುವೇಷವನ್ನೇ ಕೊಡುತ್ತಾರಾ?
ಓದುಗ, ಕುಂದಾಪುರ

ಉತ್ತರ: ಕೊಡುವುದಿಲ್ಲ, ಕೊಡಲೂಬಾರದು. ಮೇಳದಲ್ಲಿ ಏಣಿ ಇರುವುದು ಕೋಡಂಗಿ, ಬಾಲಗೋಪಾಲ, ಪೀಠಿಕೆ ಸ್ತ್ರೀವೇಷ ಎಂಬ ಮೆಟ್ಟಿಲುಗಳಿಂದ. ಸಂಘದ ಆಟದಲ್ಲಿ ಒಂದು ಪ್ರಸಂಗಕ್ಕೆ ಎರಡು ತಿಂಗಳು ಅಭ್ಯಾಸ ಮಾಡಿರುತ್ತೀರಿ. ಮೇಳದಲ್ಲಿ ಸಂಜೆ ಚೌಕಿಗೆ (ಬಣ್ಣ ಹಚ್ಚುವ ಜಾಗ) ಹೋದಾಗ ಪದ ಹಾಡುವ ಭಾಗವತರು ‘ಇವತ್ತು ಇಂಥ ಪ್ರಸಂಗ, ನೀನು ಇಂಥ ವೇಷ’ ಎನ್ನುತ್ತಾರೆ, ಅಷ್ಟೇ. ಪದ ಯಾವ ತಾಳದಲ್ಲಿ ಬರುತ್ತದೆ, ಎಲ್ಲಿ ಬಿಡ್ತಿಗೆ (ಚೆಂಡೆ-ಮದ್ದಳೆಯ ನುಡಿತಕ್ಕೆ ಕುಣಿಯುವ ಭಾಗ), ಎದುರು ಯಾರು, ಏನು ಮಾತು, ಎಲ್ಲವೂ ತಲೆಯಲ್ಲಿರಬೇಕು. ನಿಮಗೆ ಅಭಿಮನ್ಯು ಬರುತ್ತದೆ ಎಂದರೆ ಒಂದು ಪ್ರಸಂಗದ ಒಂದು ವೇಷ ಬರುತ್ತದೆ ಎಂದಷ್ಟೇ ಅರ್ಥ.

ಹಾಗಾಗಿ ಹೋಗುವ ಮುಂಚೆ ಹತ್ತು ಪ್ರಸಂಗಗಳ ನಡೆ ಬರೆದುಕೊಳ್ಳಿ. ದೃಶ್ಯ, ಪದದ ಮೊದಲ ಸಾಲು, ತಾಳ (ಏಕ, ರೂಪಕ, ಜಂಪೆ, ತ್ರಿವುಡೆ, ಅಷ್ಟ), ಅದರ ಮುಂದೆ ಅರ್ಥದ ಸಾರ ಎರಡೇ ಸಾಲು. ಪ್ರಸಂಗದ ಪುಟ ಬಾಯಿಪಾಠ ಮಾಡುವುದಕ್ಕಿಂತ ಈ ಪಟ್ಟಿ ಮೇಲು. ಪದ ತಪ್ಪಿದರೆ ಭಾಗವತರು ದಾಟಿಸುತ್ತಾರೆ, ನಡೆ ತಪ್ಪಿದರೆ ಎದುರಿನ ವೇಷಧಾರಿಯೂ ಸಿಕ್ಕಿಹಾಕಿಕೊಳ್ಳುತ್ತಾನೆ.

ಮೇಳದ ತಿರುಗಾಟ ಸಾಮಾನ್ಯವಾಗಿ ನವೆಂಬರಿನಲ್ಲಿ ಹೊರಟು ಮೇ ಕೊನೆಯ ಹೊತ್ತಿಗೆ ಮುಗಿಯುತ್ತದೆ. ಮುಂದಿನ ಸಾಲಿನ ಕಲಾವಿದರ ಮಾತುಕತೆ ನಡೆಯುವುದು ಮಳೆಗಾಲದಲ್ಲಿ. ದೀಪಾವಳಿ ಹತ್ತಿರ ಬಂದಾಗ ಕೇಳಲು ಹೋದರೆ ಜಾಗ ತುಂಬಿರುತ್ತದೆ. ಯಜಮಾನರನ್ನು ಕಾಣುವ ಮೊದಲು ಆ ಮೇಳದ ಭಾಗವತರನ್ನೋ ಹಿರಿಯ ವೇಷಧಾರಿಯನ್ನೋ ಕಾಣಿ, ಅವರ ಒಂದು ಮಾತು ಸಾಕು. ಟಿಕೆಟ್ ಇಟ್ಟು ಆಡುವ ಡೇರೆ ಮೇಳದ ಹೆಸರಿಗೆ ಮರುಳಾಗದೆ, ಭಕ್ತರು ಹರಕೆಯಾಗಿ ಆಡಿಸುವ ಮಂದಾರ್ತಿ, ಮಾರಣಕಟ್ಟೆಯಂಥ ಹರಕೆ ಮೇಳದಲ್ಲಿ ಶುರುಮಾಡಿ ಎಂಬುದು ನಮ್ಮ ಸಲಹೆ. ಹರಕೆಯಾಟ ಸಾಲುಸಾಲಾಗಿ ಬುಕ್ ಆಗಿರುತ್ತದೆ, ರಂಗಸ್ಥಳಕ್ಕೆ ಹತ್ತುವ ರಾತ್ರಿಗಳು ಹೆಚ್ಚು. ಇಡೀ ರಾತ್ರಿಯ ಬದಲು ಕೆಲವೇ ಗಂಟೆಗಳಲ್ಲಿ ಮುಗಿಸುವ ಕಾಲಮಿತಿಯ ಆಟದಲ್ಲಿ ಮೊದಲು ಕತ್ತರಿ ಬೀಳುವುದೇ ಪ್ರಸಂಗಕ್ಕೆ ಮುಂಚಿನ ಪೂರ್ವರಂಗಕ್ಕೆ, ಅಂದರೆ ನಿಮ್ಮಂಥವರ ಪಾಲಿಗೆ. ಬುನಾದಿ ಇನ್ನೂ ಗಟ್ಟಿಯಾಗಬೇಕು ಅನ್ನಿಸಿದರೆ ಉಡುಪಿಯ ಯಕ್ಷಗಾನ ಕೇಂದ್ರವಿದೆ, ಹೊನ್ನಾವರ ತಾಲ್ಲೂಕಿನ ಗುಣವಂತೆಯಲ್ಲಿ ಕೆರೆಮನೆಯವರ ಶ್ರೀಮಯ ಕಲಾಕೇಂದ್ರವಿದೆ.

ಚೌಕಿಯಲ್ಲಿ ಯಾರೂ ಹೇಳಿಕೊಡದ ಎರಡು ವಿಷಯ. ಒಂದು, ಮುಂಡಾಸು. ಸಡಿಲವಾದರೆ ಮೊದಲ ಸುತ್ತಿಗೇ ಹುಬ್ಬಿನ ಮೇಲೆ ಜಾರುತ್ತದೆ, ಅತಿ ಬಿಗಿದರೆ ಅರ್ಧ ಗಂಟೆಯಲ್ಲಿ ತಲೆ ಸಿಡಿಯುತ್ತದೆ. ಕಟ್ಟಿದ ಮೇಲೆ ತಲೆಯನ್ನು ಎಡಕ್ಕೂ ಬಲಕ್ಕೂ ಜೋರಾಗಿ ಕೊಡವಿ ನೋಡಿ, ದವಡೆ ಕಚ್ಚಿ ಬಿಡಿ. ದವಡೆ ಕಚ್ಚಿದಾಗ ಕಪಾಲದಲ್ಲಿ ಒತ್ತುತ್ತಿದ್ದರೆ ಬಿಚ್ಚಿ ಮತ್ತೆ ಕಟ್ಟಿ. ಬಣ್ಣದ ಕೆಳಗೆ ತೆಳ್ಳಗೆ ಕೊಬ್ಬರಿ ಎಣ್ಣೆ ಇರಲಿ, ತೆಗೆಯುವಾಗಲೂ ಮೊದಲು ಎಣ್ಣೆ, ಬಟ್ಟೆ, ಆಮೇಲೆ ಸೋಪು. ಎರಡು, ಮಂಡಿ, ಅಂದರೆ ಮಂಡಿಯೂರಿ ಸುತ್ತುವ ಕುಣಿತ. ಚಪ್ಪಾಳೆಗೆ ಬಿದ್ದು ಸಿಮೆಂಟಿನ ನೆಲದ ಮೇಲೆ ಇಪ್ಪತ್ತು, ಮೂವತ್ತು ಸುತ್ತು ಮಂಡಿ ಹಾಕುವವರು ಮೂವತ್ತೈದಕ್ಕೇ ಮೆಟ್ಟಿಲು ಹತ್ತಲಾರದೆ ಕೂರುತ್ತಾರೆ. ಹಲಗೆಯ ರಂಗಸ್ಥಳದಲ್ಲಿ ಮಾತ್ರ ಹಾಕಿ, ಉಡುಗೆಯ ಒಳಗೆ ದಪ್ಪ ಮಂಡಿಪಟ್ಟಿ ಇರಲಿ, ಊದಿಕೊಂಡಿದ್ದರೆ ಅಂದು ಬೇಡವೇ ಬೇಡ.

ಸಂಬಳ ಮಾತಾಡುವಾಗ ಮುಂಗಡದ ಬಗ್ಗೆ ಎಚ್ಚರ. ಕೈತುಂಬ ಮುಂಗಡ ಪಡೆದವನು ಅದು ತೀರದೆ ಮರುವರ್ಷವೂ ಅದೇ ಮೇಳದಲ್ಲಿ ಅದೇ ವೇಷಕ್ಕೆ ಉಳಿಯುತ್ತಾನೆ. ಎಷ್ಟು ಮುಂಗಡ, ಆಟಕ್ಕೆ ಎಷ್ಟು ಮುರಿದುಕೊಳ್ಳುತ್ತಾರೆ, ಪೆಟ್ಟಾಗಿ ಕೂತರೆ ಏನು ಎಂಬುದನ್ನು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಮಳೆಗಾಲಕ್ಕೆ ವೇಷವಿಲ್ಲದೆ ಕೂತು ಅರ್ಥ ಹೇಳುವ ತಾಳಮದ್ದಳೆ, ಮನೆಮನೆಗೆ ಹೋಗುವ ಚಿಕ್ಕಮೇಳ, ಶಾಲೆಗಳಲ್ಲಿ ಯಕ್ಷಶಿಕ್ಷಣ ಇದೆ. ಮಾತು ಗಟ್ಟಿಯಿದ್ದವನಿಗೆ ಜೂನ್‌ನಿಂದ ಅಕ್ಟೋಬರ್ ಖಾಲಿ ಹೋಗುವುದಿಲ್ಲ.

ಪ್ರಶ್ನೆ: ನಮಸ್ಕಾರ ರೀ. ಹಿಂದೂಸ್ತಾನಿ ಗಾಯನದಾಗ ವಿಶಾರದ ಪೂರ್ಣ ಆಗೇದ. ಆಕಾಶವಾಣಿ ಧ್ವನಿಪರೀಕ್ಷೆಗೆ ಕೂಡಬೇಕಂತ ಮಾಡೇನಿ. ಹಿಂದಕ ಒಮ್ಮೆ ಹೋಗಿ ಫೇಲಾಗೇನಿ, ಯಾಕ ಅಂತ ತಿಳೀಲಿಲ್ಲ.
ಓದುಗಿ, ಹುಬ್ಬಳ್ಳಿ

ಉತ್ತರ: ವಿಶಾರದ ಪರೀಕ್ಷೆಗೂ ಧ್ವನಿಪರೀಕ್ಷೆಗೂ ನಂಟು ಕಡಿಮೆ. ವಿಶಾರದದಲ್ಲಿ ರಾಗದ ವಾದಿ, ಸಂವಾದಿ (ಮುಖ್ಯ ಸ್ವರ, ಅದರ ಜೊತೆಯ ಸ್ವರ) ಹೇಳಿದರೂ ಅಂಕ ಬರುತ್ತದೆ. ಇಲ್ಲಿ ಮುಖವೂ ಕಾಣದೆ, ಹೆಸರೂ ತಿಳಿಯದೆ ಬರೀ ದನಿ ಕೇಳಿ ತೀರ್ಮಾನಿಸುತ್ತಾರೆ. ಬಿ, ಬಿ-ಹೈ, ಎ, ಟಾಪ್ ಎಂದು ಶ್ರೇಣಿಗಳು. ಮೊದಲು ಬಿ ದಾಟಿದರೆ ಸಾಕು.

ಬೀಳುವುದು ಹೆಚ್ಚಾಗಿ ಮೂರು ಕಡೆ. ರಾಗಗಳ ಪಟ್ಟಿಯಲ್ಲಿ ಅಪರೂಪದವನ್ನು ಬರೆದು, ಅವರು ಅದನ್ನೇ ಕೇಳಿದಾಗ ತಡವರಿಸುವುದು. ಯಮನ್, ಭೀಮಪಲಾಸ, ಬಿಹಾಗ, ಭೈರವದಂಥವನ್ನೇ ಬರೆಯಿರಿ, ಸಿದ್ಧವಿಲ್ಲದ್ದು ಒಂದೂ ಬೇಡ. ಎರಡನೆಯದು ಸಮಯ. ಮನೆಯ ರಿಯಾಜಿನಲ್ಲಿ ಅರ್ಧ ಗಂಟೆ ಆಲಾಪ ಮಾಡುವ ರೂಢಿಯವರು ಅಲ್ಲಿ ಸ್ಥಾಯಿ (ಬಂದಿಶಿನ ಮೊದಲ ಭಾಗ) ಮುಗಿಸುವಷ್ಟರಲ್ಲಿ ಸಾಕು ಅನ್ನಿಸಿಕೊಳ್ಳುತ್ತಾರೆ. ಮೊಬೈಲಿನಲ್ಲಿ ಹತ್ತು ನಿಮಿಷದ ಅಲಾರಂ ಇಟ್ಟು ಅಭ್ಯಾಸ ಮಾಡಿ: ಆಲಾಪ ಒಂದು ನಿಮಿಷ, ನಿಧಾನಗತಿಯ ವಿಲಂಬಿತ ಬಂದಿಶ್ ಮತ್ತು ಬಢತ್ (ರಾಗದ ವಿಸ್ತಾರ) ಐದು, ತಾನ್ ಒಂದೂವರೆ, ಉಳಿದದ್ದು ವೇಗದ ದ್ರುತ್. ಮೂರನೆಯದು ಮೈಕು. ಸ್ಟುಡಿಯೋದ ಮೈಕಿಗೆ ಸಭೆಯ ದನಿ ಬೇಡ. ತಾರ ಷಡ್ಜಕ್ಕೆ (ಮೇಲಿನ ಸಾ) ಹೋಗುವಾಗ ಮುಖ ತುಸು ಹಿಂದೆ ಸರಿಸದಿದ್ದರೆ ದನಿ ಒಡೆದಂತೆ ಕೇಳುತ್ತದೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಇಯರ್‌ಫೋನಿನಲ್ಲಿ ಕೇಳಿ ನೋಡಿ, ಹಿಂದಿನ ಸಲ ಯಾಕ ಹೋಯ್ತು ಅನ್ನೋದು ನಿಮಗೇ ತಿಳೀತದ. ಹಿಂದಿನ ದಿನ ನೆಗಡಿ ಇದ್ದರೆ ಗಂಟಲು ಒತ್ತಿ ಹಾಡಬೇಡಿ. ದನಿ ಒಡೆದಿರುವುದು ಮೂರು ವಾರ ಮೀರಿದರೆ ಕಷಾಯ ಬಿಟ್ಟು ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ, ಧ್ವನಿತಂತುಗಳ ಮೇಲೆ ಗಂಟಾಗಿದ್ದರೆ ಮೊದಲ ಮದ್ದು ಮೌನ.

ಪ್ರಶ್ನೆ: ಕಾರ್ಯಕ್ರಮದ ಸಂಭಾವನೆಯಲ್ಲಿ ಆಯೋಜಕರು ಶೇ. 10 ತೆರಿಗೆ ಮುರಿದುಕೊಂಡರು. ಜಿಎಸ್‌ಟಿ ನಂಬರ್ ಕೊಡಿ ಅಂತಲೂ ಕೇಳುತ್ತಾರೆ. ನಾನು ಕಥಕ್ ಕಲಾವಿದೆ, ವರ್ಷಕ್ಕೆ ನಾಲ್ಕೈದು ಲಕ್ಷ ಬಂದರೆ ಹೆಚ್ಚು.
ಓದುಗಿ, ಬೆಂಗಳೂರು

ಉತ್ತರ: ಮುರಿದದ್ದು ಟಿಡಿಎಸ್ (ಕೊಡುವಾಗಲೇ ಕಡಿತ ಮಾಡುವ ತೆರಿಗೆ), ಹೋದ ಹಣವಲ್ಲ. ನಿಮ್ಮ ಪ್ಯಾನ್‌ಗೆ ಜಮಾ ಆಗಿದೆಯೇ ಎಂದು ಆದಾಯ ತೆರಿಗೆಯ ಜಾಲತಾಣದಲ್ಲಿ 26ಎಎಸ್ (ನಿಮ್ಮ ಹೆಸರಿಗೆ ಕಟ್ಟಿದ ತೆರಿಗೆಯ ಪಟ್ಟಿ) ತೆರೆದು ನೋಡಿ. ಅಲ್ಲಿ ಇಲ್ಲದಿದ್ದರೆ ಆಯೋಜಕರು ಮುರಿದು ಕಟ್ಟಿಲ್ಲ, ಇಲ್ಲವೇ ಅದರ ವಿವರ ಇನ್ನೂ ಸಲ್ಲಿಸಿಲ್ಲ ಎಂದರ್ಥ, ತಡಮಾಡದೆ ಕೇಳಿ. ರಿಟರ್ನ್ಸ್ ಸಲ್ಲಿಸಿದರೆ, ನಿಮ್ಮ ಆದಾಯಕ್ಕೆ ತೆರಿಗೆ ಬೀಳದಿದ್ದಲ್ಲಿ ಪೂರ್ತಿ ವಾಪಸು. ಪ್ಯಾನ್ ಕೊಡದಿದ್ದರೆ ಶೇ. 20 ಮುರಿಯುತ್ತಾರೆ, ಆ ತಪ್ಪು ಮಾಡಬೇಡಿ.

ಜಿಎಸ್‌ಟಿ ನೋಂದಣಿ ನಿಮಗೆ ಬೇಕಿಲ್ಲ. ಸೇವೆಗಳಿಗೆ ಮಿತಿ ವರ್ಷಕ್ಕೆ 20 ಲಕ್ಷ. ಅದಲ್ಲದೆ ಶಾಸ್ತ್ರೀಯ ಅಥವಾ ಜಾನಪದ ಸಂಗೀತ, ನೃತ್ಯ, ರಂಗಭೂಮಿಯ ಪ್ರದರ್ಶನಕ್ಕೆ ಕಲಾವಿದರು ಪಡೆಯುವ ಸಂಭಾವನೆ ಪ್ರದರ್ಶನವೊಂದಕ್ಕೆ ಒಂದೂವರೆ ಲಕ್ಷ ಮೀರದಿದ್ದರೆ ತೆರಿಗೆಯೇ ಇಲ್ಲ. ಬ್ರಾಂಡ್ ರಾಯಭಾರಿಯಾಗಿ ಕುಣಿದರೆ ಈ ವಿನಾಯಿತಿ ಅನ್ವಯಿಸದು. ಬಿಲ್ಲಿನಲ್ಲಿ ‘ನೋಂದಣಿ ಮಿತಿಯೊಳಗೆ’ ಎಂದು ಒಂದು ಸಾಲು ಬರೆದು ಕೊಡಿ, ಆಯೋಜಕರ ಲೆಕ್ಕಿಗರು ಸುಮ್ಮನಾಗುತ್ತಾರೆ.

ಇನ್ನೊಂದು, ನೀವು ಕೇಳದೆ ಇದ್ದದ್ದು: ಕಾರ್ಯಕ್ರಮದ ವಿಡಿಯೊ ಯಾರ ಕೈಯಲ್ಲಿರುತ್ತದೆ ಎಂದು ಒಪ್ಪಂದದಲ್ಲೇ ಬರೆಸಿ. ಕೃತಿಸ್ವಾಮ್ಯ ಕಾಯ್ದೆಯಲ್ಲಿ ಪ್ರದರ್ಶಕರ ಹಕ್ಕು 50 ವರ್ಷ ಇರುತ್ತದೆ, ನಿಮ್ಮ ಒಪ್ಪಿಗೆಯಿಲ್ಲದೆ ರೆಕಾರ್ಡ್ ಮಾಡಿ ಮಾರುವಂತಿಲ್ಲ. ಕತ್ತರಿಸದ ಒಂದು ಪ್ರತಿ ನಿಮಗೂ ಸಿಗಲಿ. ಮುಂದಿನ ಉತ್ಸವದವರು ಕೇಳುವುದು ಅದನ್ನೇ, ಹಾಡು ಸೇರಿಸಿ ಅಂದಗಾಣಿಸಿದ ಎರಡು ನಿಮಿಷದ ರೀಲನ್ನಲ್ಲ.

ಪ್ರಶ್ನೆ: ವಯಸ್ಸು 46, ಡೊಳ್ಳು ಕುಣಿತದ ತಂಡ ನಡೆಸುತ್ತೇನೆ. ಫೆಲೋಶಿಪ್ ಎಂದರೆ ತಂಡಕ್ಕೆ ಸಿಗುವ ಸಹಾಯಧನವೇ?
ಓದುಗ, ಹಾವೇರಿ

ಉತ್ತರ: ಅಲ್ಲ. ಕೇಂದ್ರದ ಹಿರಿಯ ಫೆಲೋಶಿಪ್ ಒಬ್ಬ ವ್ಯಕ್ತಿಗೆ, 40 ದಾಟಿದವರಿಗೆ, ತಿಂಗಳಿಗೆ 20,000 ರೂಪಾಯಿ, ಎರಡು ವರ್ಷ. ಅದು ಅಧ್ಯಯನಕ್ಕೆ. ‘ಡೊಳ್ಳು ಉಳಿಸುತ್ತೇನೆ’ ಎಂದು ಬರೆದ ಅರ್ಜಿ ನಿಲ್ಲುವುದಿಲ್ಲ. ನಿಮ್ಮ ಸೀಮೆಯ ಹತ್ತು ಊರುಗಳಲ್ಲಿ ಬಾರಿಸುವ ಗತ್ತುಗಳನ್ನು ದಾಖಲಿಸಿ ಲಿಪಿ ಬರೆಯುತ್ತೇನೆ, ಇಂತಿಂಥ ಹಿರಿಯರ ಬಳಿ, ಇಂತಿಂಥ ಜಾತ್ರೆಗೆ ಹೋಗಿ ಎಂದು ತಿಂಗಳುವಾರು ಬರೆಯಿರಿ. ಬರವಣಿಗೆಯ ಅಭ್ಯಾಸವಿಲ್ಲದಿದ್ದರೆ ಶಿಗ್ಗಾವಿ ತಾಲ್ಲೂಕು ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ನಿಮಗೆ ಹತ್ತಿರ, ಅಲ್ಲಿನ ಅಧ್ಯಾಪಕರಿಗೆ ಕರಡು ತೋರಿಸಿ. ತಂಡಕ್ಕೇ ನೆರವು ಬೇಕಿದ್ದರೆ ಅದು ಬೇರೆ ಯೋಜನೆ, ಗುರು-ಶಿಷ್ಯ ಪರಂಪರೆಯ ರೆಪರ್ಟರಿ ಅನುದಾನ. ಅದಕ್ಕೆ ತಂಡ ಸಂಘವಾಗಿ ನೋಂದಣಿಯಾಗಿರಬೇಕು, ಲೆಕ್ಕಪತ್ರ ಆಡಿಟ್ ಆಗಿರಬೇಕು. ಪ್ರತಿ ಕಾರ್ಯಕ್ರಮದ ಆಹ್ವಾನಪತ್ರಿಕೆ, ಪತ್ರಿಕೆ ತುಣುಕು, ಆಯೋಜಕರ ಪತ್ರ ಮೂರನ್ನೂ ಇಸವಿವಾರು ಒಂದು ಫೈಲಿಗೆ ಇಂದಿನಿಂದಲೇ ಹಾಕುತ್ತ ಬನ್ನಿ.