ಬೇರೆಯವರ ಉದ್ರಿ ಪುಸ್ತಕ

(ಹೆಸರು, ಮನೆಯ ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆಯಿದೆ.)

ಅಕ್ಟೋಬರ್‌ನ ಒಂದು ಸೋಮವಾರ ಸಂಜೆ ದಾವಣಗೆರೆಯ ನನ್ನ ಆಪ್ತಸಲಹೆ ಕೊಠಡಿಗೆ ಗಂಡ-ಹೆಂಡತಿ ಬಂದರು. ಮಾತು ತೆಗೆದದ್ದು ಆಕೆ. "ಮೇಡಂ, ಭಾನುವಾರ ರಾತ್ರಿ ಇವರು ಮಲಗೋದೇ ಇಲ್ರಿ. ಸೋಮವಾರ ಮಗು ಅತ್ರೂ ಸಿಟ್ಟು, ಚಹಾ ಆರಿದ್ರೂ ಸಿಟ್ಟು. ಕೇಳಿದ್ರೆ ಟೀಮ್ ಸೋತ್ತು ಅಂತಾರೆ. ಯಾವ ಟೀಮೋ, ಎಲ್ಲಿ ಸೋತ್ತೋ!"

ಸುರೇಶ ಎನ್ನೋಣ. ಮೂವತ್ತರ ಆಸುಪಾಸು, ಸಾಫ್ಟ್‌ವೇರ್ ಕೆಲಸ, ವಿದ್ಯಾನಗರದ ಮನೆಯಲ್ಲೇ ಕೂತು ಮಾಡುತ್ತಾರೆ. 'ಫ್ಯಾಂಟಸಿ ಫುಟ್‌ಬಾಲ್' ಎಂದ ಕೂಡಲೇ ನನಗೆ ಹೊಳೆದದ್ದು ದುಡ್ಡು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಹಳೆಯ ಸಾಲ ಹೊತ್ತ ಹುಡುಗರು ನನ್ನ ಹತ್ತಿರ ಬರುವುದು ಮಾತ್ರ ನಿಂತಿಲ್ಲ. ಹಾಗಾಗಿ ಅರ್ಧ ಗಂಟೆ ಯುಪಿಐ, ಕೈಸಾಲ, ಹೆಂಡತಿಯ ಒಡವೆ ಅಂತಲೇ ಕೆದಕಿದೆ. ಒಂದು ಪೈಸೆಯೂ ಇರಲಿಲ್ಲ. ಗೆದ್ದವನಿಗೆ ಒಂದು ಕಪ್, ಕೊನೆಗೆ ಬಂದವನು ವಿಡಿಯೊ ಕಾಲ್‌ನಲ್ಲಿ ಹಾಡಬೇಕು, ಅಷ್ಟೇ. ಆ ಅರ್ಧ ಗಂಟೆ ನನ್ನ ತಪ್ಪು.

ಇದು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಫುಟ್‌ಬಾಲ್; ಅದರ ದೊಡ್ಡ ಲೀಗ್ ಎನ್‌ಎಫ್‌ಎಲ್. ನಿಜವಾದ ಆಟಗಾರರನ್ನು ಆರಿಸಿ ಕಾಗದದ ಮೇಲೆ ಟೀಮ್ ಕಟ್ಟುವುದು; ಮೈದಾನದಲ್ಲಿ ಅವರು ಓಡಿದ ಗಜ, ಹೊಡೆದ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದು) ನಮ್ಮ ಲೆಕ್ಕಕ್ಕೆ ಅಂಕ. ಇವರದು 'ಡೈನಾಸ್ಟಿ' ಲೀಗ್. ಸಾಮಾನ್ಯ ಲೀಗ್‌ನಲ್ಲಿ ಪ್ರತಿ ವರ್ಷ ಹೊಸದಾಗಿ ಆರಿಸಿಕೊಳ್ಳಬಹುದು. ಡೈನಾಸ್ಟಿಯಲ್ಲಿ ಆಟಗಾರರು ವರ್ಷದಿಂದ ವರ್ಷಕ್ಕೆ ನಿಮ್ಮ ಬಳಿಯೇ ಉಳಿಯುತ್ತಾರೆ. ಒಳ್ಳೆಯದೂ ಉಳಿಯುತ್ತದೆ, ಕೆಟ್ಟದ್ದೂ ಉಳಿಯುತ್ತದೆ. ಮಾಲೀಕ ಕೈಬಿಟ್ಟು ಹೋದ ಟೀಮಿಗೆ ಅವರು 'ಆರ್ಫನ್' ಅನ್ನುತ್ತಾರಂತೆ. ಅನಾಥ. ಹನ್ನೆರಡು ಜನರಲ್ಲಿ ಒಬ್ಬರು ಜುಲೈನಲ್ಲಿ ಬಿಟ್ಟರು, ಲೀಗ್ ನಡೆಸುವ 'ಕಮಿಷನರ್' ಆಗಿದ್ದ ಹಳೆಯ ಸಹೋದ್ಯೋಗಿ ಸುರೇಶನನ್ನು ಕರೆದ. ಹಿಂದಿನ ವರ್ಷ ಆ ಟೀಮ್ ಮೂರು ಗೆದ್ದು ಹನ್ನೊಂದು ಸೋತಿತ್ತು. ಅದಕ್ಕಿಂತ ಕೆಟ್ಟ ಸುದ್ದಿಯನ್ನು ಯಾರೂ ಹೇಳಿರಲಿಲ್ಲ: ಮುಂದಿನ ವರ್ಷ ಹೊಸ ಹುಡುಗರನ್ನು ಆರಿಸಿಕೊಳ್ಳುವ ಮೊದಲ ಸುತ್ತಿನ ಹಕ್ಕನ್ನು ಹಿಂದಿನವರು ಆಗಲೇ ಮಾರಿಕೊಂಡಿದ್ದರು.

ಸೇರಿದ ವಾರದಲ್ಲೇ ಹಳಬರೆಲ್ಲ ಆಟಗಾರರ ವಿನಿಮಯಕ್ಕೆ ಮುಗಿಬಿದ್ದರು. ಸುರೇಶ ಎರಡಕ್ಕೆ ಒಪ್ಪಿದರು. ಒಂದರಲ್ಲಿ ಎಸೆದ ಚೆಂಡು ಹಿಡಿಯುವ ಇಪ್ಪತ್ಮೂರು ವರ್ಷದ ರಿಸೀವರ್‌ನನ್ನು ಕೊಟ್ಟು, ಚೆಂಡು ಹಿಡಿದು ನುಗ್ಗುವ ಇಪ್ಪತ್ತೊಂಬತ್ತರ ರನ್ನಿಂಗ್ ಬ್ಯಾಕ್‌ನನ್ನು ತಂದರು. ಡಿಕ್ಕಿ ತಿಂದೇ ಬದುಕುವ ಆ ಸ್ಥಾನದಲ್ಲಿ ಇಪ್ಪತ್ತೊಂಬತ್ತು ಅಂದರೆ ಮುದುಕ. ಗ್ರೂಪ್‌ನಲ್ಲಿ ನಗುವ ಇಮೋಜಿಗಳ ಸಾಲು. ಆಮೇಲೆ ಸತತ ಆರು ಸೋಲು.

"ಬಿಟ್ಟುಬಿಡಿ" ಎಂದೆ. ಸಲಹೆ ಕೊಡುವವರಿಗೆ ಇಷ್ಟು ಸುಲಭದ ಮಾತು ಇನ್ನೊಂದಿಲ್ಲ. ಸುರೇಶ ತಲೆ ಎತ್ತದೆ, "ನಾನೂ ಬಿಟ್ರೆ ಎರಡನೇ ಸಲ ಅನಾಥ ಆಗುತ್ತಲ್ರಿ" ಎಂದರು. ಆಗ ದಾರಿ ಬದಲಿಸಿ, ನಿಮ್ಮ ಮನೆಯಲ್ಲಿ ಬೇರೆಯವರು ಕೆಡಿಸಿಟ್ಟ ವ್ಯವಹಾರವನ್ನು ಯಾರಾದರೂ ಎತ್ತಿಕೊಂಡದ್ದುಂಟೇ ಎಂದು ಕೇಳಿದೆ. "ನಮ್ಮ ಅಪ್ಪಾಜಿ. ಚೌಕಿಪೇಟೆ ಬಟ್ಟೆ ಅಂಗಡಿ, ದೊಡ್ಡಪ್ಪನದು."

ಮುಂದಿನ ವಾರ ಅಪ್ಪಾಜಿಯೇ ಬಂದರು, ಕಂಕುಳಲ್ಲಿ ಕೆಂಪು ರಟ್ಟಿನ ಉದ್ದನೆಯ ಖಾತೆ ಪುಸ್ತಕ. ಅಂಚು ಗೆದ್ದಲು ತಿಂದಿತ್ತು. ಮೊದಲ ಪುಟ ಬಿಡಿಸಿ ಬೆರಳಿಟ್ಟರು. ಮೇಲೆ ಅಣ್ಣನ ಕೈಬರಹದಲ್ಲಿ ಉದ್ರಿಯ ಹೆಸರುಗಳು. ಅದರ ಕೆಳಗೆ ಕೆಂಪು ಶಾಯಿಯ ಅಡ್ಡಗೆರೆ, ತಾರೀಖು. ಗೆರೆಯ ಕೆಳಗೆ ಇವರ ಕೈಬರಹ. "ಗೆರೆ ಮ್ಯಾಲಿಂದು ನನ್ನ ಪಾಪ ಅಲ್ಲ. ವಸೂಲಿ ಮಾತ್ರ ನಂದು" ಎಂದರು ಮಗನತ್ತ ತಿರುಗಿ. "ಹಳೇ ಸ್ಟಾಕ್ ಇಟ್ಕೊಂಡು ಕೂರಬ್ಯಾಡಪ್ಪ. ನಾನು ಆಷಾಢದಾಗ ಬಂದ ರೇಟಿಗೆ ಕೊಟ್ಟೆ, ಶ್ರಾವಣಕ್ಕ ಹೊಸ ಮಾಲು ತಂದೆ." ನಾನು ತಯಾರಿಸಿಟ್ಟಿದ್ದ ಕೋಷ್ಟಕವನ್ನು ಮೆಲ್ಲಗೆ ಡ್ರಾಯರ್‌ಗೆ ಹಾಕಿದೆ.

ಸುರೇಶ ಅಲ್ಲೇ ಕೂತು ಅಂಥದ್ದೇ ಗೆರೆ ಎಳೆದರು. ಕಳೆದ ವರ್ಷದ ಹನ್ನೊಂದು ಸೋಲು, ಮಾರಿಹೋದ ಹಕ್ಕು, ಚೆಂಡೆಸೆದು ಆಟ ನಡೆಸುವ ಗಾಯಾಳು ಕ್ವಾರ್ಟರ್‌ಬ್ಯಾಕ್, ಎಲ್ಲ ಮೇಲಕ್ಕೆ ಹೋದವು. ಕೆಳಗೆ ಉಳಿದದ್ದು ಆ ಎರಡು ವಿನಿಮಯ. ಆರು ಸೋಲನ್ನು ಎಲ್ಲಿ ಬರೆಯುವುದು ಎಂದು ತುಂಬ ಹೊತ್ತು ಯೋಚಿಸಿ ಗೆರೆಯ ಮೇಲೆಯೇ ಬರೆದರು, ಅಕ್ಷರ ಅರ್ಧ ಆಚೆ, ಅರ್ಧ ಈಚೆ. ನಾನು ತಿದ್ದಲಿಲ್ಲ.

ನಿದ್ದೆಯ ವಿಷಯದಲ್ಲಿ ಮಾತ್ರ ಬಿಗಿಯಾಗಿದ್ದೆ. ಅಮೆರಿಕದ ಪೂರ್ವ ಭಾಗದ ಗಡಿಯಾರದಲ್ಲಿ ಭಾನುವಾರ ಮಧ್ಯಾಹ್ನ ಒಂದಕ್ಕೆ ಶುರುವಾಗುವ ಪಂದ್ಯ ನಮಗೆ ರಾತ್ರಿ ಹತ್ತೂವರೆ. ನವೆಂಬರ್ ಮೊದಲ ಭಾನುವಾರ ಅವರ ಗಡಿಯಾರ ಹಿಂದೆ ಸರಿದ ಮೇಲೆ ಹನ್ನೊಂದೂವರೆ. ಕೊನೆಯ ಪಂದ್ಯ ಶುರುವಾಗುವಾಗ ನಮ್ಮಲ್ಲಿ ಸೋಮವಾರ ಬೆಳಗಾಗಿರುತ್ತದೆ. ಯಾರು ಆಡುವುದಿಲ್ಲ ಎಂಬ ಪಟ್ಟಿ ಪಂದ್ಯಕ್ಕೆ ತೊಂಬತ್ತು ನಿಮಿಷ ಮೊದಲು ಹೊರಬೀಳುತ್ತದೆ ಎಂದು ಅವರೇ ಹೇಳಿದರು. ಹಾಗಿದ್ದರೆ ಒಂಬತ್ತಕ್ಕೆ ಪಟ್ಟಿ ನೋಡಿ, ಒಂಬತ್ತೂವರೆಗೆ ಟೀಮ್ ಇಟ್ಟು, ಫೋನ್ ಹಾಲ್‌ನಲ್ಲಿ ಚಾರ್ಜ್‌ಗೆ ಹಾಕಿ ಮಲಗಿ. ನವೆಂಬರ್‌ನಲ್ಲಿ ಒಂದು ಗಂಟೆ ತಡವಾಗಿ. ನಡುರಾತ್ರಿಯ ಪಂದ್ಯಗಳ ಪಟ್ಟಿ ತಪ್ಪಿಹೋಗುತ್ತದಲ್ಲ ಎಂದರು. ಹೋಗಲಿ ಎಂದೆ. ಗ್ರೂಪ್ ಮ್ಯೂಟ್ ಮಾಡುವ ಸಲಹೆ ಎರಡು ದಿನವೂ ನಡೆಯಲಿಲ್ಲ.

ಇನ್ನೊಂದು ಕೆಲಸವಿತ್ತು, ಕಮಿಷನರ್ ಜೊತೆ ಮಾತಾಡುವುದು. ದೂರು ಹೇಳಬೇಡಿ, ಮುಂದೆ ಬರುವವನ ಪರವಾಗಿ ಕೇಳಿ ಎಂದೆ. ಸುರೇಶ ಬರೆದ ಸಂದೇಶ ಚೆನ್ನಾಗಿತ್ತು: ಟೀಮ್ ಒಪ್ಪಿಸುವ ಮೊದಲು ಅದರ ಸಾಲಸೋಲವನ್ನೆಲ್ಲ ಹೇಳಿ, ಹೊಸಬನಿಗೆ ಮೊದಲ ಮೂರು ವಾರ ಯಾರೂ ವಿನಿಮಯ ಕೇಳಬಾರದು, ಒಂದಕ್ಕಿಂತ ಹೆಚ್ಚು ಟೀಮ್ ಖಾಲಿಯಾದರೆ ಆಟಗಾರರನ್ನೆಲ್ಲ ಒಂದೇ ರಾಶಿಗೆ ಹಾಕಿ ಹೊಸಬರೇ ಸರದಿಯಲ್ಲಿ ಆರಿಸಿಕೊಳ್ಳಲಿ. ನನ್ನದು ಒಂದೇ ಸೇರ್ಪಡೆ: ಹೊಸಬನನ್ನು ಮೊದಲ ವರ್ಷ ಹಾಡಿಸಬೇಡಿ. ಆತ ಮೊದಲ ಎರಡಕ್ಕೆ ಒಪ್ಪಿದ, ಹಾಡಿನ ವಿಷಯ ನೋಡೋಣ ಎಂದ.

ಡಿಸೆಂಬರ್‌ನಲ್ಲಿ ಕೊನೆಯ ಭೇಟಿ. ಟೀಮ್ ಆಗಲೂ ಕೆಳಗೇ ಇತ್ತು. ಮುದುಕ ರನ್ನಿಂಗ್ ಬ್ಯಾಕ್‌ನನ್ನು ಎರಡನೇ ಸುತ್ತಿನ ಒಂದು ಹಕ್ಕಿಗೆ ಕೊಟ್ಟಾಗಿತ್ತು, "ಆಷಾಢದ ರೇಟ್ ಮೇಡಂ." ಹಾಡಿನಿಂದ ತಪ್ಪಿಸಿಕೊಳ್ಳಲಾಗಲಿಲ್ಲವಂತೆ, ಹಾಡುವಾಗ ಹಿಂದೆ ಮಗಳೂ ಕುಣಿದಳಂತೆ. ಅಪ್ಪಾಜಿ ಈಗ ಸೋಮವಾರ ಬೆಳಿಗ್ಗೆ ಬೆಣ್ಣೆದೋಸೆ ಕಟ್ಟಿಸಿಕೊಂಡು ಬಂದು, ಪೊಟ್ಟಣ ಬಿಚ್ಚುವ ಮೊದಲೇ ಕೇಳುತ್ತಾರಂತೆ: "ಏನಪ್ಪ, ವಸೂಲಿ ಎಷ್ಟಾತು?"